ಮೋಟಾರ್‌ಹೋಮ್ ಪ್ರವಾಸ: ದಿನದ ಕಿಲೋಮೀಟರ್ ಕಡಿಮೆ ಮಾಡಿ ಬರೆಯಿರಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಪ್ರವಾಸದ ಪುಟಗಳಲ್ಲಿ ಮೋಟಾರ್‌ಹೋಮ್ ಬಗ್ಗೆ ಬರಹಗಳು ಈಗ ಜಾಸ್ತಿ ಬರುತ್ತಿವೆ. ಒಲೆ, ಹಾಸಿಗೆ, ಶೌಚಾಲಯ ಎಲ್ಲ ಒಳಗೇ ಇರುವ ಗಾಡಿ. ಬೇಕಾದಲ್ಲಿ ನಿಲ್ಲಿಸಬಹುದು, ಬೇಕಾದಾಗ ಹೊರಡಬಹುದು ಅಂತ ಓದಿದರೆ ಯಾರಿಗೆ ಆಸೆಯಾಗಲ್ಲ ಹೇಳಿ? ನನಗೂ ಈ ಗಾಡಿಗಳ ಹುಚ್ಚು ಹಿಡಿದು ಬಹಳ ಕಾಲವಾಯಿತು. ಹಾಗಾಗಿ ಇಂಥ ಬರಹ ಕಂಡರೆ ಬಿಡದೆ ಓದುತ್ತೇನೆ. ಆದರೆ ಓದಿ ಮುಗಿಸಿದಾಗಲೆಲ್ಲ ಒಂದೇ ತಕರಾರು ಉಳಿಯುತ್ತದೆ. ಅವುಗಳಲ್ಲಿ ಕೊಡುವ ದಿನಗಳ ಪಟ್ಟಿ ಕಾರಿನಲ್ಲಿ ಓಡಾಡುವವರದ್ದು. ಬೆಳಿಗ್ಗೆ ಜಲಪಾತ, ಮಧ್ಯಾಹ್ನ ಘಾಟಿ, ಸಂಜೆ ಸಮುದ್ರ, ರಾತ್ರಿ ಇನ್ನೂ 150 ಕಿ.ಮೀ. ಮುಂದೆ. ಆರು ದಿನದಲ್ಲಿ ಇಡೀ ದೇಶ ಮುಗಿಯಿತು! ಇದನ್ನು ನಂಬಿಕೊಂಡು ಮೂರು ಮೂರೂವರೆ ಟನ್ ತೂಕದ, ಮೂರು ಮೀಟರ್ ಎತ್ತರದ ಗಾಡಿಯನ್ನು ಬಾಡಿಗೆಗೆ ಹಿಡಿದು ಹೊರಡುವ ಕುಟುಂಬದ ಗತಿ ಏನು ಅಂತ ಬರೆಯುವವರು ಯೋಚಿಸಬೇಕು.

ನಾನು ಹೇಳಬೇಕೆಂದಿರುವುದು ಇಷ್ಟೇ. ಮೋಟಾರ್‌ಹೋಮ್‌ನಲ್ಲಿ ದಿನಕ್ಕೆ ಓಡಿಸುವ ದೂರ ಕಡಿಮೆ ಇರಬೇಕು. ಬರೀ ಆರಾಮದ ದೃಷ್ಟಿಯಿಂದ ಹೇಳುತ್ತಿಲ್ಲ. ಈ ಪ್ರವಾಸದಲ್ಲಿ ಆಗುವ ಅನಾಹುತಗಳಲ್ಲಿ, ಊರಿನವರ ಜೊತೆ ಬರುವ ಜಗಳಗಳಲ್ಲಿ, ಗಂಡ ಹೆಂಡತಿ ಮುಖ ಊದಿಸಿಕೊಂಡು ಕೂರುವುದರಲ್ಲಿ, ಮುಕ್ಕಾಲು ಪಾಲು ಅವಸರದಿಂದಲೇ ಬರುವುದು.

ಐಸ್‌ಲ್ಯಾಂಡ್ ನೋಡಿ. ದೇಶವನ್ನು ಸುತ್ತುವ ಒಂದನೇ ನಂಬರ್ ರಸ್ತೆ ಸುಮಾರು 1,320 ಕಿ.ಮೀ. ಇದನ್ನು ಆರರಿಂದ ಭಾಗಿಸಿದರೆ ದಿನಕ್ಕೆ 220 ಬರುತ್ತದೆ. ಅಷ್ಟೇ ತಾನೇ ಅನಿಸುತ್ತದೆ. ಆದರೆ ಆ ರಸ್ತೆಯಲ್ಲಿ ನೋಡಬೇಕಾದ್ದು ಅರ್ಧಕ್ಕರ್ಧ ರಸ್ತೆಯ ಮೇಲಿಲ್ಲ, ಅಡ್ಡದಾರಿ ಹಿಡಿದು ಹೋಗಿ ವಾಪಸ್ ಬರಬೇಕು. ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 90 ಕಿ.ಮೀ., ಜಲ್ಲಿ ರಸ್ತೆಯಲ್ಲಿ 80. ಮೋಟಾರ್‌ಹೋಮ್ ಆ ಮಿತಿಯಲ್ಲಿ ಓಡುವುದೇ ಅಪರೂಪ. ಇನ್ನು ಗಾಳಿ. ಅಲ್ಲಿ ರಸ್ತೆ ಬದಿಯ ವಿದ್ಯುತ್ ಫಲಕಗಳು ಮುಂದಿನ ಜಾಗದ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ತೋರಿಸುತ್ತವೆ. 15 ಮೀಟರ್ ಅಂದರೆ ಗಂಟೆಗೆ 54 ಕಿ.ಮೀ. ಅದನ್ನು ದಾಟಿತು ಅಂದರೆ ಎತ್ತರದ ಗಾಡಿಯವರು ಸುಮ್ನೆ ಎಲ್ಲಾದರೂ ನಿಲ್ಲುವುದೇ ಲೇಸು. ಗಾಡಿಯ ಪಕ್ಕ ಗೋಡೆಯ ಹಾಗೆ ಅಗಲ, ಗಾಳಿ ಅಡ್ಡಕ್ಕೆ ಹೊಡೆದರೆ ಸ್ಟಿಯರಿಂಗ್ ಕೈಗೆ ಸಿಗುವುದಿಲ್ಲ. ನಿಲ್ಲಿಸಿ ಇಳಿಯುವಾಗ ಬಾಗಿಲು ಎರಡೂ ಕೈಯಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಗಾಳಿ ಅದನ್ನು ಕೀಲಿನ ಸಮೇತ ಮಡಚಿಬಿಡುತ್ತದೆ. ಈಗ ಹೇಳಿ, ಗಾಳಿಗಾಗಿ ಒಂದು ದಿನ ನಿಲ್ಲಬೇಕಾಗಿ ಬಂದರೆ ಆರು ದಿನದ ಪಟ್ಟಿಯಲ್ಲಿ ಆ ಒಂದು ದಿನ ಎಲ್ಲಿದೆ? ಇಲ್ಲ. ಆಗ ಜನ ನಿಲ್ಲುವುದಿಲ್ಲ. ಮಾರನೇ ದಿನದ ಕ್ಯಾಂಪ್‌ಸೈಟ್‌ಗೆ ದುಡ್ಡು ಕಟ್ಟಿದ್ದೇವೆ, ವಿಮಾನದ ಟಿಕೆಟ್ ಆಗಿದೆ ಅಂತ ಹೊರಟುಬಿಡುತ್ತಾರೆ. ಪಟ್ಟಿ ಮಾಡಿಕೊಟ್ಟವರಿಗೆ ಇದರಲ್ಲಿ ಪಾಲಿಲ್ಲ ಅನ್ನುವುದಕ್ಕೆ ಆಗುವುದಿಲ್ಲ.

ಘಾಟಿ ಇಳಿಯುವುದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಹತ್ತುವ ಫೋಟೊ ಎಲ್ಲರೂ ಹಾಕುತ್ತಾರೆ, ಇಳಿಯುವುದು ಯಾರೂ ಹೇಳುವುದಿಲ್ಲ. ಮೂರೂವರೆ ಟನ್ ಗಾಡಿ ಇಳಿಜಾರಿನಲ್ಲಿ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಕಾರಿನ ಅಭ್ಯಾಸದಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಹತ್ತು ಹದಿನೈದು ನಿಮಿಷದಲ್ಲಿ ಬ್ರೇಕ್ ಕಾಯುತ್ತದೆ. ಮೊದಲು ಸುಟ್ಟ ವಾಸನೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿತ ಸಾಲುವುದಿಲ್ಲ. ಸರಿಯಾದ ಕ್ರಮ ಎಂದರೆ, ಇಳಿಜಾರು ಶುರುವಾಗುವ ಮೊದಲೇ, ಗಾಡಿ ಇನ್ನೂ ನಿಧಾನವಾಗಿರುವಾಗಲೇ, ಗೇರ್ ಇಳಿಸಿ ಎರಡಕ್ಕೋ ಮೂರಕ್ಕೋ ತರಬೇಕು. ಎಂಜಿನ್ ಗೊರ್ ಅನ್ನುತ್ತದೆ, ಅನ್ನಲಿ, ಗಾಡಿಯನ್ನು ಹಿಡಿದಿಟ್ಟಿರುವುದು ಅದೇ. ವೇಗ ಮೀರುತ್ತಿದೆ ಅನಿಸಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಟ್ಟುಬಿಡಬೇಕು. ಬ್ರೇಕ್‌ಗೆ ತಣಿಯಲು ಪುರುಸೊತ್ತು ಕೊಡಬೇಕು. ಆಟೊಮ್ಯಾಟಿಕ್ ಗಾಡಿಯಲ್ಲೂ ಗೇರನ್ನು ಕೈಯಾರೆ ಇಳಿಸುವ ವ್ಯವಸ್ಥೆ ಇರುತ್ತದೆ, ಗಾಡಿ ತೆಗೆದುಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಬೇಕು. ಹಿಂದೆ ಕಾರುಗಳ ಸಾಲು ಬೆಳೆಯುತ್ತಿದ್ದರೆ ಅಗಲವಾದ ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ತೆಗೆದುಕೊಂಡು ಅವರನ್ನು ಬಿಟ್ಟು ಹೊರಡುವುದು. ಇಷ್ಟಕ್ಕೂ ಬೇಕಾದ್ದು ಸಮಯ. ಸಂಜೆ ಕತ್ತಲಾಗುವುದರೊಳಗೆ ಆ ಕಡೆ ಊರು ಸೇರಲೇಬೇಕು ಅನ್ನುವವನು ಹೀಗೆ ಇಳಿಯಲಾರ.

ಗಾಡಿಯ ಅಳತೆಯ ವಿಷಯವೂ ಹೀಗೇ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಗೋಯಿಂಗ್ ಟು ದ ಸನ್ ರೋಡ್ ಅಂತ ಒಂದು ರಸ್ತೆ ಇದೆ. ಸುಮಾರು 80 ಕಿ.ಮೀ. ಉದ್ದ, 2,026 ಮೀಟರ್ ಎತ್ತರದ ಲೋಗನ್ ಘಾಟಿ ದಾಟಿ ಹೋಗುತ್ತದೆ. ಜಗತ್ತಿನ ಅತಿ ಚಂದದ ರಸ್ತೆಗಳ ಪಟ್ಟಿ ಯಾರು ಮಾಡಿದರೂ ಇದು ಇದ್ದೇ ಇರುತ್ತದೆ. ಆದರೆ ಅವಲಾಂಚ್ ಕ್ಯಾಂಪ್‌ಗ್ರೌಂಡ್ ಮತ್ತು ರೈಸಿಂಗ್ ಸನ್ ಎಂಬ ಜಾಗಗಳ ನಡುವಿನ ಘಾಟಿ ಭಾಗದಲ್ಲಿ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿಗೆ ಪ್ರವೇಶವೇ ಇಲ್ಲ. 10 ಅಡಿಗಿಂತ ಎತ್ತರದ ಗಾಡಿಗೆ ರಸ್ತೆ ಮೇಲೆ ಬಾಗಿದ ಬಂಡೆಗಳ ಕಾಟ ಬೇರೆ. ಅಂದರೆ ಬಾಡಿಗೆಗೆ ಸಿಗುವ ಹೆಚ್ಚಿನ ಮೋಟಾರ್‌ಹೋಮ್‌ಗಳು ಅಲ್ಲಿ ಹೋಗುವಂತಿಲ್ಲ. ಗಾಡಿಯನ್ನು ಕೆಳಗೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಬಿಟ್ಟು, ಬೇಸಿಗೆಯಲ್ಲಿ ಉದ್ಯಾನದವರೇ ಓಡಿಸುವ ಶಟಲ್ ಬಸ್ಸಿನಲ್ಲಿ ಹತ್ತಬೇಕು. ಅದೇನೂ ಬೇಜಾರಿನ ವಿಷಯವಲ್ಲ, ನನ್ನನ್ನು ಕೇಳಿದರೆ ಅದೇ ಒಳ್ಳೆಯದು, ಓಡಿಸುವವರಿಗೂ ಕಿಟಕಿಯಾಚೆ ನೋಡಲು ಸಿಗುತ್ತದೆ. ಆದರೆ ಅದಕ್ಕೊಂದು ಇಡೀ ದಿನ ಬೇಕು. ನಾರ್ವೆಯ ಟ್ರೊಲ್‌ಸ್ಟಿಗನ್ 1936ರಲ್ಲಿ ತೆರೆದ ರಸ್ತೆ, 11 ಹೇರ್‌ಪಿನ್ ತಿರುವು. ಚಳಿಗಾಲದಲ್ಲಿ ಮುಚ್ಚುತ್ತಾರೆ, ಬಂಡೆ ಉರುಳುವ ಭಯವಿದ್ದರೆ ಬೇಸಿಗೆಯಲ್ಲೂ ಮುಚ್ಚುತ್ತಾರೆ. ಸ್ಕಾಟ್‌ಲ್ಯಾಂಡಿನಲ್ಲಿ ನಾರ್ತ್ ಕೋಸ್ಟ್ 500 ಅಂತ ಸುಮಾರು 830 ಕಿ.ಮೀ. ಸುತ್ತು ಇದೆಯಲ್ಲ, 2015ರಲ್ಲಿ ಆ ಹೆಸರಿಟ್ಟು ಪ್ರಚಾರ ಶುರುವಾದ ಮೇಲೆ ಮೋಟಾರ್‌ಹೋಮ್‌ಗಳು ಸಾಲುಗಟ್ಟಿ ಬಂದವು. ಅದರಲ್ಲಿ ಬರುವ ಬೆಲಾಚ್ ನ ಬಾ ಘಾಟಿ 626 ಮೀಟರ್ ಎತ್ತರ, ಒಂದೇ ಗಾಡಿ ಹಿಡಿಸುವ ರಸ್ತೆ, ಕೆಲವು ಕಡೆ ಐದು ಮೀಟರಿಗೆ ಒಂದು ಮೀಟರ್ ಏರು. ದೊಡ್ಡ ಗಾಡಿಗಳಿಗೆ, ಹೊಸದಾಗಿ ಓಡಿಸುವವರಿಗೆ ಇದು ಬೇಡ ಅಂತ ಕೆಳಗೇ ಬೋರ್ಡ್ ಹಾಕಿದ್ದಾರೆ. ಆದರೂ ನುಗ್ಗಿ, ನಡುದಾರಿಯಲ್ಲಿ ಎದುರುಬದುರಾಗಿ ಸಿಕ್ಕಿಕೊಂಡು, ಹಿಂದಕ್ಕೆ ತೆಗೆಯಲೂ ಬಾರದೆ ನಿಲ್ಲುವವರಿದ್ದಾರೆ.

ಆ ಒಂಟಿ ರಸ್ತೆಗಳ ಬಗ್ಗೆ ಇನ್ನೊಂದು ಮಾತು. ಅಲ್ಲಲ್ಲಿ ಎದುರುಗಾಡಿಗೆ ದಾರಿ ಬಿಡಲು ಅಂತ ಸ್ವಲ್ಪ ಅಗಲ ಮಾಡಿರುತ್ತಾರೆ. ಅದು ನಿಲ್ಲಿಸುವ ಜಾಗವಲ್ಲ, ಫೋಟೊ ತೆಗೆಯುವ ಜಾಗವಲ್ಲ. ಅಲ್ಲಿನವರಿಗೆ ಅದು ಶಾಲೆಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗುವ ದಾರಿ. ಹಿಂದಿನಿಂದ ಬಂದವರು ಮುಂದೆ ಹೋಗಲಿ ಅಂತಲೂ ಆ ಜಾಗದಲ್ಲಿ ಸರಿದು ನಿಲ್ಲಬೇಕು. ಇಷ್ಟು ಗೊತ್ತಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತದೆ.

ಇನ್ನು ‘ಬೇಕಾದಲ್ಲಿ ನಿಲ್ಲಿಸಬಹುದು’ ಎಂಬ ಮಾತು. ದಯವಿಟ್ಟು ಇದನ್ನು ಬರೆಯುವುದು ನಿಲ್ಲಿಸಿ. ಹಾಗೆ ಎಲ್ಲೆಂದರಲ್ಲಿ ನಿಲ್ಲಿಸಿ ಮಲಗಲು ಬಿಡುವ ಜಾಗಗಳು ಕಡಿಮೆ ಆಗುತ್ತಿವೆ, ಅದಕ್ಕೆ ಕಾರಣ ನಾವೇ, ಅಂದರೆ ಈ ಗಾಡಿಗಳಲ್ಲಿ ಓಡಾಡುವ ಜನ. ಐಸ್‌ಲ್ಯಾಂಡಿನಲ್ಲಿ ಈಗ ಕ್ಯಾಂಪ್‌ಸೈಟ್ ಬಿಟ್ಟು ಬೇರೆ ಕಡೆ ಗಾಡಿಯಲ್ಲಿ ರಾತ್ರಿ ತಂಗಬೇಕಾದರೆ ಜಮೀನಿನ ಒಡೆಯರ ಒಪ್ಪಿಗೆ ಬೇಕು. ರಸ್ತೆ ಬಿಟ್ಟು ಪಾಚಿ ಹಾಸಿನ ಮೇಲೆ ಗಾಡಿ ಇಳಿಸುವುದಂತೂ ಅಪರಾಧ. ನ್ಯೂಜಿಲ್ಯಾಂಡಿನಲ್ಲಿ ಇದಕ್ಕೆಂದೇ 2011ರಲ್ಲಿ ಕಾಯ್ದೆ ಬಂತು, 2023ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಈಗ ಸ್ವಾವಲಂಬಿ ಗಾಡಿ ಅಂತ ಪ್ರಮಾಣಪತ್ರ ಸಿಗಬೇಕಾದರೆ ಒಳಗೆ ಗಟ್ಟಿಯಾಗಿ ಕೂರಿಸಿದ ಶೌಚಾಲಯ ಇರಬೇಕು, ಹಾಸಿಗೆ ಬಿಡಿಸಿದಾಗಲೂ ಅದನ್ನು ಬಳಸಲು ಆಗಬೇಕು. ಎತ್ತಿ ಓಡಾಡಿಸುವ ಸಣ್ಣ ಶೌಚದ ಡಬ್ಬಿ ನಡೆಯುವುದಿಲ್ಲ. ಕಾನೂನು ಇಷ್ಟು ಸಣ್ಣ ವಿವರಕ್ಕೆ ಇಳಿದಿದೆ ಅಂದರೆ ಜನ ಎಷ್ಟು ಹೊಲಸು ಮಾಡಿರಬೇಕು ಊಹಿಸಿ. ನಾರ್ವೆ, ಸ್ವೀಡನ್‌ಗಳಲ್ಲಿ ಯಾರು ಬೇಕಾದರೂ ಕಾಡುಮೇಡು ತಿರುಗಬಹುದು ಎಂಬ ಹಳೆಯ ಹಕ್ಕು ಇದೆ ನಿಜ. ಅದು ನಡೆದು ಹೋಗುವವರಿಗೆ, ಟೆಂಟ್ ಹಾಕುವವರಿಗೆ. ಗಾಡಿಯನ್ನು ಹುಲ್ಲುಗಾವಲಿಗೆ ನುಗ್ಗಿಸುವವರಿಗೆ ಅಲ್ಲ.

ಟ್ಯಾಂಕ್‌ಗಳ ವಿಷಯ ಬರೆಯಲು ಎಲ್ಲರಿಗೂ ಮುಜುಗರ. ನಾನು ಬರೆಯುತ್ತೇನೆ, ಯಾಕೆಂದರೆ ಇದು ತಿಳಿಯದೆ ಹೊರಟವರು ಮೂರನೇ ದಿನ ಒದ್ದಾಡುತ್ತಾರೆ. ಗಾಡಿಯಲ್ಲಿ ಮೂರು ಲೆಕ್ಕ. ಒಳ್ಳೆಯ ನೀರು, ಸಾಮಾನ್ಯವಾಗಿ ನೂರು ಲೀಟರ್ ಆಸುಪಾಸು. ಬಚ್ಚಲು ನೀರು, ಅಂದರೆ ಸಿಂಕ್ ಮತ್ತು ಸ್ನಾನದ್ದು, ಕೆಳಗಿನ ಟ್ಯಾಂಕ್‌ನಲ್ಲಿ ಕೂಡುತ್ತದೆ. ಮೂರನೆಯದು ಶೌಚದ್ದು. ಹಲವು ಗಾಡಿಗಳಲ್ಲಿ ಇದು ಹೊರಗಿನ ಸಣ್ಣ ಬಾಗಿಲಿಂದ ಎಳೆದು ತೆಗೆಯುವ ಪೆಟ್ಟಿಗೆ, ಇಪ್ಪತ್ತು ಲೀಟರ್ ಹತ್ತಿರ ಹಿಡಿಯುತ್ತದೆ. ಇಬ್ಬರಿದ್ದರೆ ಎರಡು ಮೂರು ದಿನ ಬರುತ್ತದೆ, ನಾಲ್ಕು ಜನರಿದ್ದರೆ ದಿನಾ ಖಾಲಿ ಮಾಡಬೇಕು. ಅದಕ್ಕೆಂದೇ ಮಾಡಿದ ಕುಣಿಯಲ್ಲಿ ಮಾತ್ರ ಸುರಿಯಬೇಕು. ಕೈಗವಸು ಹಾಕಿಕೊಂಡು, ಪೆಟ್ಟಿಗೆಯ ಗಾಳಿಯ ಗುಂಡಿ ಒತ್ತಿಕೊಂಡು ನಿಧಾನವಾಗಿ ಬಗ್ಗಿಸಿದರೆ ಸಿಡಿಯುವುದಿಲ್ಲ. ಅಲ್ಲಿನ ತೊಳೆಯುವ ನಲ್ಲಿಯಿಂದಲೇ ಎರಡು ಸಲ ಜಾಲಿಸಿ, ಸ್ವಲ್ಪ ನೀರು, ರಾಸಾಯನಿಕ ಹಾಕಿ ಮತ್ತೆ ಒಳಗೆ ತಳ್ಳುವುದು. ಆ ನಲ್ಲಿಯಲ್ಲಿ ಕುಡಿಯುವ ನೀರು ಹಿಡಿಯಬಾರದು, ಅದಕ್ಕೆ ಬೇರೆಯೇ ನಲ್ಲಿ ಇರುತ್ತದೆ. ಫ್ರಾನ್ಸ್‌ನಲ್ಲಿ, ಜರ್ಮನಿಯಲ್ಲಿ ಎಷ್ಟೋ ಸಣ್ಣ ಊರುಗಳೇ ಮೋಟಾರ್‌ಹೋಮ್‌ನವರಿಗಾಗಿ ನಿಲ್ಲುವ ಜಾಗ ಮಾಡಿ, ನೀರು, ಕುಣಿ ಎರಡೂ ಕೊಟ್ಟಿವೆ. ಅಲ್ಲಿ ತಂಗಿದವರು ಆ ಊರಲ್ಲೇ ಊಟ ಮಾಡುತ್ತಾರೆ, ಸಾಮಾನು ಕೊಳ್ಳುತ್ತಾರೆ, ಊರಿಗೂ ಲಾಭ. ಇದನ್ನೆಲ್ಲ ಮಾಡಲು ಅರ್ಧ ಗಂಟೆ ಸಾಕು. ಆದರೆ ದಿನಕ್ಕೆ 400 ಕಿ.ಮೀ. ಹಾಕಿಕೊಂಡವರಿಗೆ ಆ ಅರ್ಧ ಗಂಟೆಯೂ ಸಿಗದೆ ಕತ್ತಲಲ್ಲಿ ಚರಂಡಿಯ ಪಕ್ಕ ಬಚ್ಚಲು ನೀರಿನ ಕೊಳಾಯಿ ತಿರುಗಿಸುತ್ತಾರೆ. ಮಾರನೇ ವರ್ಷ ಅಲ್ಲಿ ಎತ್ತರದ ಗಾಡಿ ಒಳಗೆ ಬರದ ಹಾಗೆ ಕಬ್ಬಿಣದ ಅಡ್ಡಪಟ್ಟಿ ಬಿದ್ದಿರುತ್ತದೆ. ಸರಿಯಾಗಿ ನಡೆದುಕೊಂಡವರಿಗೂ ಜಾಗ ಹೋಯಿತು ಅಲ್ವಾ?

ತೂಕದ ಮಾತು ಬೇಗ ಮುಗಿಸುತ್ತೇನೆ. ಯುರೋಪಿನಲ್ಲಿ ಬಹಳ ಕಾಲದಿಂದ ಮಾಮೂಲಿ ಕಾರ್ ಲೈಸೆನ್ಸಿಗೆ 3,500 ಕೆ.ಜಿ. ಮಿತಿ. ಎಷ್ಟೋ ಮೋಟಾರ್‌ಹೋಮ್‌ಗಳನ್ನು ಈ ಮಿತಿಗೆ ಸರಿಯಾಗಿಯೇ ಮಾಡಿರುತ್ತಾರೆ, ಜನ ಮತ್ತು ಸಾಮಾನಿಗೆ ಉಳಿಯುವುದು ಸ್ವಲ್ಪವೇ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ., ನೂರು ಲೀಟರ್ ತುಂಬಿಸಿದರೆ ಒಬ್ಬ ದೊಡ್ಡ ಆಳಿಗಿಂತ ಜಾಸ್ತಿ ಭಾರ. ಸೈಕಲ್, ಹೆಚ್ಚಿನ ಬ್ಯಾಟರಿ, ಡಬ್ಬಿಗಟ್ಟಲೆ ದಿನಸಿ ಸೇರಿದರೆ ಗೊತ್ತಾಗದ ಹಾಗೆ ಮೀರಿರುತ್ತದೆ. ಗ್ಯಾಸ್ ಬಗ್ಗೆಯೂ ಒಂದು ಸಾಲು: ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ, ಒಲೆ ಉರಿಯಲ್ಲ, ಹೀಟರ್ ಉರಿಯಲ್ಲ. ಚಳಿ ಕಡೆಗೆ ಹೋಗುವವರಿಗೆ ಪ್ರೊಪೇನ್ ಬೇಕು. ಒಲೆ, ಹೀಟರ್ ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಅದರ ಅಲಾರಂ ಕೆಲಸ ಮಾಡುತ್ತದೆಯೇ ಅಂತ ಗುಂಡಿ ಒತ್ತಿ ನೋಡದೆ ಮಲಗಬಾರದು. ಛಾವಣಿಯ ಗಾಳಿಕಿಂಡಿಯನ್ನು ಚಳಿ ಅಂತ ಬಟ್ಟೆ ತುರುಕಿ ಮುಚ್ಚಬಾರದು.

ಈಗ ಇಷ್ಟವಾದ ಭಾಗಕ್ಕೆ ಬರುತ್ತೇನೆ. ನಿಧಾನವಾಗಿ ಹೋದರೆ ಏನು ಸಿಗುತ್ತದೆ? ನಮ್ಮ ಮನೆಯಲ್ಲಿ ಮಾಡಿಕೊಂಡ ಕ್ರಮ ಹೇಳುತ್ತೇನೆ. ದಿನಕ್ಕೆ 200 ಕಿ.ಮೀ. ಮೀರುವುದಿಲ್ಲ, ಸಂಜೆ ನಾಲ್ಕರೊಳಗೆ ನಿಲ್ಲಬೇಕು, ನಡುನಡುವೆ ಒಂದು ದಿನ ಚಾವಿ ತಿರುಗಿಸುವುದೇ ಇಲ್ಲ. ನಾಲ್ಕಕ್ಕೆ ನಿಂತರೆ ಬೆಳಕಿರುತ್ತದೆ. ಒಬ್ಬರು ಇಳಿದು ಮೇಲೆ ಕೊಂಬೆ ಇದೆಯೇ, ಹಿಂದೆ ಕಲ್ಲಿದೆಯೇ ನೋಡಿ ಕೈ ತೋರಿಸುತ್ತಾರೆ. ಗಾಡಿಯ ಹಿಂಬದಿ ಚಕ್ರದಾಚೆ ಉದ್ದಕ್ಕೆ ಚಾಚಿರುವುದರಿಂದ ತಿರುಗಿಸುವಾಗ ಅದು ಹೊರಕ್ಕೆ ಬೀಸುತ್ತದೆ, ಅದಕ್ಕೇ ಇಳಿದು ನೋಡುವವರು ಬೇಕು. ಆಮೇಲೆ ಮೇಜಿನ ಮೇಲೆ ಒಂದು ಲೋಟ ನೀರಿಟ್ಟು ಗಾಡಿ ಯಾವ ಕಡೆ ವಾಲಿದೆ ನೋಡುವುದು, ತಗ್ಗಿನ ಕಡೆ ಚಕ್ರಕ್ಕೆ ಪ್ಲಾಸ್ಟಿಕ್ ಮೆಟ್ಟಿಲು ಕೊಟ್ಟು ಮೇಲೆ ಹತ್ತಿಸುವುದು. ಇದು ಬರೀ ನಿದ್ದೆಗಾಗಿ ಅಲ್ಲ. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಗಾಡಿ ತೀರಾ ವಾಲಿದ್ದರೆ ಸರಿಯಾಗಿ ತಣ್ಣಗಾಗುವುದಿಲ್ಲ, ಅದರೊಳಗಿನ ದ್ರವ ಹರಿಯಲು ಮಟ್ಟ ಬೇಕು. ಹ್ಯಾಂಡ್‌ಬ್ರೇಕ್, ಗ್ಯಾಸಿನ ಕವಾಟ, ಬಾಗಿಲ ಮೆಟ್ಟಿಲು ನೋಡಿಕೊಂಡರೆ ಅಷ್ಟೇ. ಇನ್ನೂ ಸೂರ್ಯ ಮೇಲಿರುತ್ತಾನೆ. ಮಕ್ಕಳು ಆಗಲೇ ನೀರಿನ ಕಡೆ ಓಡಿರುತ್ತಾರೆ.

ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್ ಬರೀ 243 ಕಿ.ಮೀ. ಮೆಲ್ಬೋರ್ನ್‌ನಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು ರಾತ್ರಿ ವಾಪಸ್ ಹೋಗುವವರು ಎಷ್ಟೋ ಜನ. ಮೋಟಾರ್‌ಹೋಮ್‌ನವರು ಇದಕ್ಕೆ ಐದು ದಿನ ಕೊಡಲಿ. ಟೊರ್ಕೆಯಿಂದ ಪಶ್ಚಿಮಕ್ಕೆ ಹೊರಟರೆ ಸಮುದ್ರ ನಿಮ್ಮ ಎಡಕ್ಕೇ ಇರುತ್ತದೆ, ಅಲ್ಲಿ ಎಡಗಡೆ ಸಂಚಾರವಾದ್ದರಿಂದ ಉದ್ದ ಗಾಡಿಯನ್ನು ಎದುರುಸಾಲು ಅಡ್ಡ ದಾಟಿಸದೆ ಪಕ್ಕಕ್ಕೆ ತೆಗೆದುಕೊಳ್ಳಬಹುದು. ಈ ರಸ್ತೆಯನ್ನು ಕಡಿದವರು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. 1919ರಿಂದ 1932ರವರೆಗೆ ಹಾರೆ, ಗುದ್ದಲಿ, ಸಿಡಿಮದ್ದು ಹಿಡಿದು, ಯುದ್ಧದಲ್ಲಿ ಸತ್ತ ತಮ್ಮ ಜೊತೆಗಾರರ ನೆನಪಿಗೆ ಅಂತ ಇಷ್ಟು ಉದ್ದದ ರಸ್ತೆ ಮಾಡಿದರು. ಅದು ಗೊತ್ತಾದ ಮೇಲೆ ಅಲ್ಲಿ ಗಾಡಿ ಓಡಿಸುವ ರೀತಿಯೇ ಬೇರೆಯಾಗುತ್ತದೆ. ಟ್ವೆಲ್ವ್ ಅಪಾಸಲ್ಸ್ ಅನ್ನುವ ಸುಣ್ಣಕಲ್ಲಿನ ಕಂಬಗಳ ಹತ್ತಿರ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಹತ್ತಿರದ ಊರಲ್ಲಿ ತಂಗಿದವರು ಬೆಳಗಿನ ಜಾವ ಹೋದರೆ ಅಲೆಯ ಸದ್ದು ಮಾತ್ರ. ಆ ಅಲೆಗಳೇ ಬುಡ ಕೊರೆದು 2005ರಲ್ಲಿ ಒಂದು ಕಂಬ ಕುಸಿಯಿತು, ಉಳಿದವೂ ಒಂದೊಂದಾಗಿ ಹೋಗುವವೇ. ಹಾಗೇ ನ್ಯೂಜಿಲ್ಯಾಂಡಿನ ಮಿಲ್‌ಫರ್ಡ್ ರಸ್ತೆ. ಟೆ ಅನಾವ್ ಊರಿನಿಂದ ಮಿಲ್‌ಫರ್ಡ್ ಸೌಂಡ್ ಎಂಬ ಕಡಲ ಕೊಲ್ಲಿಗೆ ಸುಮಾರು 120 ಕಿ.ಮೀ., ಕೊನೆಗೆ 1954ರಲ್ಲಿ ತೆರೆದ ಹೋಮರ್ ಸುರಂಗ, ಬಂಡೆಯಲ್ಲಿ ಕೊರೆದದ್ದು, 1.2 ಕಿ.ಮೀ. ಉದ್ದ. ಬಸ್ಸುಗಳೆಲ್ಲ ಒಂದೇ ಹೊತ್ತಿಗೆ ಹೋಗಿ ಒಂದೇ ಹೊತ್ತಿಗೆ ಬರುತ್ತವೆ. ನಡುವೆ ಎಗ್ಲಿಂಟನ್ ಕಣಿವೆಯಲ್ಲಿ ಸಂರಕ್ಷಣಾ ಇಲಾಖೆಯ ಸರಳ ಕ್ಯಾಂಪ್‌ಸೈಟ್‌ಗಳಿವೆ. ಅಲ್ಲಿ ತಂಗಿದರೆ ಬಸ್ಸುಗಳ ಮುಂಚೆಯೋ ಆಮೇಲೋ ಹೋಗಬಹುದು. ಹಿಮ ಕುಸಿಯುವ ಭಾಗದಲ್ಲಿ ಮಾತ್ರ ನಿಲ್ಲಿಸುವಂತಿಲ್ಲ, ಚಳಿಗಾಲದಲ್ಲಿ ಚಕ್ರಕ್ಕೆ ಕಟ್ಟುವ ಸರಪಳಿ ಜೊತೆಗಿರಲೇಬೇಕು. ಮೋಟಾರ್‌ಹೋಮ್‌ಗೆ ಕೊಡುವ ದುಡ್ಡು ಸಾರ್ಥಕವಾಗುವುದು ಇಂಥ ಕಡೆ. ಬೇರೆಯವರು ಹೊರಟ ಮೇಲೂ ನೀವು ಅಲ್ಲೇ ಇರಬಹುದು. ಆ ಸಮಯವನ್ನು ಮತ್ತೆ ಕಿಲೋಮೀಟರಿಗೆ ಕೊಟ್ಟುಬಿಟ್ಟರೆ ಕಾರೂ ಹೋಟೆಲ್ ರೂಮೂ ಇದಕ್ಕಿಂತ ಸುಲಭ, ಬಹುಪಾಲು ಅಗ್ಗ ಕೂಡ.

ಆದ್ದರಿಂದ ಸಂಪಾದಕರೇ, ಪ್ರವಾಸದ ಪುಟ ನೋಡಿಕೊಳ್ಳುವವರಿಗೆ ನನ್ನ ಕೋರಿಕೆ ತಲುಪಿಸಿ. ಮೋಟಾರ್‌ಹೋಮ್ ದಾರಿಯ ಬಗ್ಗೆ ಬರೆಸುವಾಗ ಫೋಟೊದ ಪಕ್ಕ ಒಂದು ಸಣ್ಣ ಚೌಕಕ್ಕೆ ಜಾಗ ಕೊಡಿ. ಆ ರಸ್ತೆಯಲ್ಲಿ ಎಷ್ಟು ಉದ್ದ, ಎಷ್ಟು ಎತ್ತರದ ಗಾಡಿಗೆ ಅವಕಾಶ. ಯಾವ ತಿಂಗಳು ಮುಚ್ಚಿರುತ್ತದೆ. ರಾತ್ರಿ ತಂಗಲು ಕಾನೂನುಬದ್ಧ ಜಾಗ ಎಲ್ಲೆಲ್ಲಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ. ಟ್ಯಾಂಕ್ ಖಾಲಿ ಮಾಡುವುದು ಎಲ್ಲಿ. ದಿನಗಳ ಪಟ್ಟಿ ಕೊಡುವುದಾದರೆ ನೋಡುವ ಜಾಗದಿಂದ ಶುರು ಮಾಡದೆ ರಾತ್ರಿ ನಿಲ್ಲುವ ಜಾಗದಿಂದ ಶುರು ಮಾಡಿ, ಗಾಳಿಮಳೆಗೆ ಅಂತ ಎರಡು ದಿನ ಖಾಲಿ ಬಿಡಿ. ಆರು ದಿನದಲ್ಲಿ ಒಂದು ದೇಶ ಅಂತ ಬರೆದು ಕಳಿಸುವವರಿಗೆ, ಆ ಆರು ದಿನದಲ್ಲಿ ಅದರ ಒಂದು ಮೂಲೆ ಬಗ್ಗೆ ಬರೆಯಿರಿ ಅಂತ ತಿದ್ದಿ ವಾಪಸ್ ಕಳಿಸಿ. ಅಂಥ ಬರಹ ಬಂದರೆ ಕತ್ತರಿಸಿ ಇಟ್ಟುಕೊಳ್ಳುವವರಲ್ಲಿ ನಾನೂ ಒಬ್ಬ.

ಇಂತಿ ನಿಮ್ಮ ಓದುಗ